ಹದಿನಾರರ ಹುಡುಗ ಕಾಲೇಜು ಲೈನ್‌ಮನ್ ಆಗ್ತಾನಾ? ಫುಟ್‌ಬಾಲ್ ಕೋಚ್‌ಗಳು ಏನನ್ನು ನೋಡ್ತಾರೆ

ಈ ಸಲದ ವಿಡಿಯೋ ಸ್ವಲ್ಪ ಉದ್ದ ಆಯ್ತು. ಪೂರ್ತಿ ಕೇಳೋಕೆ ಪುರುಸೊತ್ತು ಇಲ್ಲದವರಿಗಾಗಿ ಅದೇ ಮಾತನ್ನು ಒಂಚೂರು ತಿದ್ದಿ ಇಲ್ಲಿ ಬರೆದಿದ್ದೇನೆ. ವಿಷಯ ಅಮೆರಿಕನ್ ಫುಟ್‌ಬಾಲ್. "ಪುಣೆಯಲ್ಲಿ ಕೂತು ನಮಗ್ಯಾಕಪ್ಪಾ ಇದು" ಅಂತ ಕೇಳಬಹುದು. ಕಾರಣ ಇದೆ, ಹೇಳ್ತೀನಿ.

ನಮ್ಮಕ್ಕ ಡಲ್ಲಾಸ್ ಪಕ್ಕದ ಒಂದು ಊರಿನಲ್ಲಿದ್ದಾಳೆ. ಅವಳ ಮಗ ಹನ್ನೊಂದನೇ ಕ್ಲಾಸು. ದಾವಣಗೆರೆಯ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲದ ಎತ್ತರ ಅವನಿಗೆ ಬಂದಿದೆ: 6 ಅಡಿ 2 ಇಂಚು, ತೂಕ 118 ಕೆಜಿ. ಸ್ಕೂಲ್ ಟೀಮಿನಲ್ಲಿ ಲೆಫ್ಟ್ ಟ್ಯಾಕಲ್ ಆಡ್ತಾನೆ. ಹೋದ ತಿಂಗಳು ಅಕ್ಕ ಫೋನ್ ಮಾಡಿ, "ಏನೋ, ರಾತ್ರಿಯೆಲ್ಲ ಕೂತು ಆ ಆಟ ನೋಡ್ತೀಯಲ್ಲ, ಇವನಿಗೆ ಕಾಲೇಜಲ್ಲಿ ಸ್ಕಾಲರ್‌ಶಿಪ್ ಸಿಗುತ್ತಾ ಹೇಳು. ಕೋಚು ಇನ್ನೂ 15 ಕೆಜಿ ಏರಿಸು ಅಂತಾರೆ. ಡಾಕ್ಟರು ಬಿಪಿ ಈಗಲೇ ಬಾರ್ಡರ್‌ನಲ್ಲಿದೆ ಅಂತಾರೆ. ಯಾರ ಮಾತು ಕೇಳಲಿ?" ಅಂದಳು.

ನಾನು ಕೋಚ್ ಅಲ್ಲ, ಡಾಕ್ಟರೂ ಅಲ್ಲ. ಅಮೆರಿಕದ ಕ್ಲೈಂಟ್‌ಗೋಸ್ಕರ ರಾತ್ರಿ ಎಚ್ಚರ ಇದ್ದು ಇದ್ದು ಈ ಆಟ ಅಂಟಿಕೊಂಡಿದ್ದು. ಅವರ ಮಧ್ಯಾಹ್ನದ ಕಾಲೇಜು ಮ್ಯಾಚ್ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನಮಗೆ ಶನಿವಾರ ರಾತ್ರಿ 9.30ಕ್ಕೆ ಶುರು. ಏಳೆಂಟು ವರ್ಷದಿಂದ ನೋಡ್ತಿದ್ದೀನಿ. ಆದರೂ ಅಕ್ಕನಿಗೆ ಒಂದು ಸರಿಯಾದ ಉತ್ತರ ಕೊಡೋಣ ಅಂತ ಹೊರಟಾಗಲೇ ಗೊತ್ತಾಗಿದ್ದು, ಇಡೀ ಆಟದಲ್ಲಿ ಅಳೆಯೋಕೆ ಅತಿ ಕಷ್ಟವಾದ ಜಾಗ ಇದೇ ಅಂತ.

ಯಾಕೆ ಕಷ್ಟ? ಒಂದು ಟೀಮಿನಲ್ಲಿ ಹನ್ನೊಂದು ಜನ. ಅದರಲ್ಲಿ ಐವರು ಅಫೆನ್ಸಿವ್ ಲೈನ್. ನಡುವೆ ಸೆಂಟರ್, ಅವನ ಆಚೆ ಈಚೆ ಇಬ್ಬರು ಗಾರ್ಡ್, ಎರಡು ತುದಿಯಲ್ಲಿ ಟ್ಯಾಕಲ್‌ಗಳು. ಚೆಂಡನ್ನು ಹಿಂದಕ್ಕೆ ಕೊಡುವ ಸೆಂಟರ್ ಬಿಟ್ಟರೆ ಉಳಿದವರು ಸಾಮಾನ್ಯವಾಗಿ ಚೆಂಡನ್ನು ಮುಟ್ಟೋದೇ ಇಲ್ಲ. ಇವರ ಕೆಲಸ ಎದುರಾಳಿಯನ್ನು ತಡೆಯುವುದು, ತಳ್ಳುವುದು, ದಾರಿ ಮಾಡಿಕೊಡುವುದು. ಓಡುವವನಿಗೆ ಎಷ್ಟು ಗಜ ಓಡಿದ ಅನ್ನೋ ಲೆಕ್ಕ ಇದೆ, ಎಸೆಯುವವನಿಗೆ ಎಷ್ಟು ಪಾಸ್ ಅನ್ನೋ ಲೆಕ್ಕ ಇದೆ. ಇವರಿಗೆ ಸ್ಕೋರ್‌ಬೋರ್ಡಿನಲ್ಲಿ ಏನೂ ಇಲ್ಲ. ನಮ್ಮಲ್ಲಿ ಸರ್ವರ್ ನೋಡಿಕೊಳ್ಳುವವರ ಕಥೆ ಇದೆಯಲ್ಲ, ಹಾಗೇ. ಸರ್ವರ್ ಬಿದ್ದ ದಿನ ಮಾತ್ರ ಅವರ ಹೆಸರು ಮೀಟಿಂಗ್‌ನಲ್ಲಿ ಕೇಳಿಬರುತ್ತೆ.

ಐವರಲ್ಲಿ ಲೆಫ್ಟ್ ಟ್ಯಾಕಲ್‌ಗೆ ಬೆಲೆ ಜಾಸ್ತಿ. ಬಲಗೈಲಿ ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಎಡಗಡೆಯಿಂದ ಬರುವವನು ಕಾಣೋದಿಲ್ಲ, ಅವನನ್ನು ತಡೆಯಬೇಕಾದವನು ಇವನೇ. 1985ರಲ್ಲಿ ಲಾರೆನ್ಸ್ ಟೇಲರ್ ಬಂದು ಬಿದ್ದು ಜೋ ಥೈಸ್ಮನ್ ಕಾಲು ಮುರಿದ ಪ್ರಸಂಗದಿಂದಲೇ ಮೈಕೆಲ್ ಲೂಯಿಸ್ 2006ರಲ್ಲಿ ಬರೆದ 'ದಿ ಬ್ಲೈಂಡ್ ಸೈಡ್' ಪುಸ್ತಕ ಶುರುವಾಗುತ್ತೆ. ಸಿನಿಮಾ ತುಂಬ ಜನ ನೋಡಿರಬಹುದು. ಆಟ ಅರ್ಥ ಆಗಬೇಕು ಅಂದ್ರೆ ಪುಸ್ತಕವೇ ವಾಸಿ.

ಸರಿ, ಕಾಲೇಜು ಕೋಚ್ ಹುಡುಗನಲ್ಲಿ ಮೊದಲು ನೋಡೋದು ಮೈಕಟ್ಟು. ತೂಕ ಅಂತ ನಾವು ಅಂದುಕೊಳ್ತೀವಿ, ಅಲ್ಲ. ಹದಿನೇಳನೇ ವಯಸ್ಸಿನ ತೂಕಕ್ಕೆ ಅಷ್ಟು ಅರ್ಥ ಇಲ್ಲ, ಅದು ಏರುತ್ತೆ, ಇಳಿಯುತ್ತೆ. ಎತ್ತರ ಮತ್ತು ತೋಳಿನ ಉದ್ದ ಮಾತ್ರ ಯಾವ ಜಿಮ್ಮಿನಲ್ಲೂ ಸಿಗೋದಿಲ್ಲ. ದೊಡ್ಡ ಕಾಲೇಜುಗಳು ಟ್ಯಾಕಲ್ ಅಂದರೆ 6 ಅಡಿ 4 ಇಂಚಿಗಿಂತ ಮೇಲೆ ನೋಡ್ತಾರೆ. ತೋಳು, ಅಂದರೆ ಭುಜದ ಮೂಳೆಯಿಂದ ನಡುಬೆರಳ ತುದಿವರೆಗೆ, 34 ಇಂಚು ಇದ್ದರೆ ಖುಷಿ. ಇದರ ಹಿಂದಿನ ಲೆಕ್ಕ ಸರಳ: ಇಬ್ಬರು ಎದುರುಬದುರಾದಾಗ ಯಾರ ಕೈ ಮೊದಲು ಇನ್ನೊಬ್ಬನ ಎದೆಗೆ ತಾಗುತ್ತೋ ಅವನದೇ ಹಿಡಿತ. ಸ್ಕೂಲಿನವರು ಪಟ್ಟಿಯಲ್ಲಿ ಬರೆಯುವ ಎತ್ತರವನ್ನು ಯಾರೂ ನಂಬೋದಿಲ್ಲ, ಒಂದೆರಡು ಇಂಚು ಸೇರಿಸಿರೋದು ಮಾಮೂಲು. ಅದಕ್ಕೇ ಬೇಸಿಗೆ ಕ್ಯಾಂಪ್‌ಗೆ ಕರೆಸಿ ತಾವೇ ಟೇಪು ಹಿಡಿಯುತ್ತಾರೆ.

ಆಮೇಲೆ ಊಹೆ. ಈ ಮೂಳೆಯ ಮೇಲೆ ಇನ್ನೆಷ್ಟು ತೂಕ ಕೂರುತ್ತೆ? 140 ಕೆಜಿ ಇರುವ ಮೆತ್ತನೆ ಹುಡುಗನಿಗಿಂತ ಅಗಲ ಭುಜ, ದಪ್ಪ ಮಣಿಕಟ್ಟು ಇರುವ 113 ಕೆಜಿ ಹುಡುಗನೇ ಇಷ್ಟ ಆಗೋದುಂಟು. ಎರಡಂತಸ್ತು ಏರಿಸೋಕೆ ಪಿಲ್ಲರ್ ತಡೆಯುತ್ತಾ ಅಂತ ಇಂಜಿನಿಯರ್ ನೋಡೋ ಥರ. ಮನೆಗೆ ಬಂದಾಗ ಅಪ್ಪ ಅಮ್ಮನ ಎತ್ತರವನ್ನೂ ಕಣ್ಣಲ್ಲೇ ಅಳೆದುಬಿಡ್ತಾರೆ. ನಮ್ಮ ಭಾವ 5 ಅಡಿ 8 ಇಂಚು, ಈ ವಿಷಯದಲ್ಲಿ ಸಹಾಯ ಆಗೋದಿಲ್ಲ.

ಈಗ ನಿಜವಾದ ವಿಷಯ, ಫಿಲ್ಮ್. ಹುಡುಗರು ತಮ್ಮ ಆಟದ ತುಣುಕುಗಳನ್ನು ಹಡಲ್ ಅನ್ನೋ ಸೈಟಿಗೆ ಹಾಕ್ತಾರೆ. ಮೂರು ನಿಮಿಷದ ಹೈಲೈಟ್, ಹಿಂದೆ ಒಂದು ರ್‍ಯಾಪ್ ಹಾಡು, ಪ್ರತಿ ತುಣುಕಿನಲ್ಲೂ ಇವನು ಯಾರನ್ನೋ ಅಂಗಾತ ಮಲಗಿಸಿರ್ತಾನೆ. ಅದಕ್ಕೆ ಪ್ಯಾನ್‌ಕೇಕ್ ಅಂತ ಹೆಸರು. ನೋಡೋಕೆ ಮಜಾ. ಆದರೆ ಕೆಳಗೆ ಬಿದ್ದವನು ಯಾರು ನೋಡಿ: 75 ಕೆಜಿಯ ಪಾಪದ ಹುಡುಗ, ಮುಂದಿನ ವರ್ಷ ಅಕೌಂಟಿಂಗ್ ಓದೋಕೆ ಹೋಗುವವನು. 118 ಕೆಜಿ 75 ಕೆಜಿಯನ್ನು ಬೀಳಿಸಿತು ಅನ್ನೋದರಿಂದ ಏನು ಗೊತ್ತಾಗುತ್ತೆ? ಹಾಗಾಗಿ ಬೀಳಿಸಿದ್ದನ್ನು ಬಿಟ್ಟು ಅದಕ್ಕೆ ಮುಂಚಿನ ಒಂದು ಸೆಕೆಂಡನ್ನು ನೋಡಬೇಕು.

ನಾನು ಕಲಿತ ರೀತಿ ಹೇಳ್ತೀನಿ. ಚೆಂಡನ್ನು ಮರೆತುಬಿಡಿ. ಒಬ್ಬನನ್ನೇ ಹಿಡಿದು ಮೊದಲ ಎರಡು ಹೆಜ್ಜೆ ನೋಡಿ. ಹೆಜ್ಜೆ ಗಿಡ್ಡವಾಗಿ, ನೆಲಕ್ಕೆ ಅಂಟಿಕೊಂಡಂತೆ ಇದೆಯಾ, ಇಲ್ಲಾ ದೊಡ್ಡದಾಗಿ ಕಾಲು ಹಾಕಿ ತೋಲ ತಪ್ಪುತ್ತಿದ್ದಾನಾ? ಆಮೇಲೆ ಎಲ್ಲಿ ಬಗ್ಗುತ್ತಾನೆ ನೋಡಿ. ಮಂಡಿ ಮಡಚಿ ಸೊಂಟ ಕೆಳಗಿಳಿಸಿ ಬೆನ್ನು ನೆಟ್ಟಗೆ ಇಡುವವನು ಬೇರೆ, ಸೊಂಟದಲ್ಲಿ ಮುಂದಕ್ಕೆ ಬಾಗಿ ತಲೆ ಚಾಚುವವನು ಬೇರೆ. ಎರಡನೆಯವನನ್ನು ಬಲಿಷ್ಠ ಎದುರಾಳಿ ಹಿಡಿದೆಳೆದರೆ ಮುಗ್ಗರಿಸುತ್ತಾನೆ. ದಾವಣಗೆರೆಯ ಗರಡಿ ಮನೆಯಲ್ಲಿ ಕುಸ್ತಿ ಕಲಿತ ನಮ್ಮ ದೊಡ್ಡಪ್ಪನಿಗೆ ಒಂದು ಕ್ಲಿಪ್ ತೋರಿಸಿದೆ. ಆಟದ ಒಂದು ನಿಯಮವೂ ಗೊತ್ತಿಲ್ಲದೆ, "ಇವನ ನಡ ಮ್ಯಾಲೈತಲ್ಲೋ, ಬೀಳ್ತಾನ" ಅಂದರು. ಮುಂದಿನ ಕ್ಷಣ ಅವನು ಬಿದ್ದ!

ಕುಸ್ತಿಯ ಮಾತು ಸುಮ್ಮನೆ ತಂದಿದ್ದಲ್ಲ. ಸ್ಟೀಫನ್ ನೀಲ್ ಅಂತ ಒಬ್ಬರು, 1999ರ ವಿಶ್ವ ಚಾಂಪಿಯನ್ ಕುಸ್ತಿಪಟು. ಅದೇ ವರ್ಷ ಕಾಲೇಜು ಕುಸ್ತಿ ಫೈನಲ್‌ನಲ್ಲಿ ಬ್ರಾಕ್ ಲೆಸ್ನರ್‌ನನ್ನು ಸೋಲಿಸಿದವರು. ಕಾಲೇಜಿನಲ್ಲಿ ಫುಟ್‌ಬಾಲ್ ಆಡಲೇ ಇಲ್ಲ, ಆದರೂ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ಗೆ ಗಾರ್ಡ್ ಆಗಿ ಸೂಪರ್ ಬೌಲ್ ಗೆದ್ದರು. ಹತ್ತು ಸಾವಿರಕ್ಕೂ ಹೆಚ್ಚು ಪ್ಲೇ ಒಂದನ್ನೂ ಬಿಡದೆ ಆಡಿದ ಜೋ ಥಾಮಸ್ ಕಾಲೇಜಿನಲ್ಲಿ ಗುಂಡು ಎಸೆತದಲ್ಲೂ ಇದ್ದರು. ಕುಸ್ತಿ ಸೊಂಟವನ್ನು ತೋರಿಸುತ್ತೆ, ಗುಂಡು ಎಸೆತ ಸ್ಫೋಟಕ ಶಕ್ತಿಯನ್ನು, ಬ್ಯಾಸ್ಕೆಟ್‌ಬಾಲ್ ಪಾದವನ್ನು. ದಪ್ಪ ಹುಡುಗ ಬ್ಯಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ಅಡ್ಡಡ್ಡ ಸರಿಯುವ ವಿಡಿಯೋ ಸಿಕ್ಕರೆ ಕೋಚ್‌ಗಳಿಗೆ ಹಬ್ಬ.

ಇನ್ನು ಕೈ. ಎದುರಾಳಿಯ ಎದೆಯ ಒಳಗೆ ಕೈ ಇಡ್ತಾನಾ, ಹೊರಗಿಂದ ತಬ್ಬಿಕೊಳ್ತಾನಾ? ತಬ್ಬಿಕೊಳ್ಳುವುದು ಸ್ಕೂಲಿನಲ್ಲಿ ನಡೆಯುತ್ತೆ, ಕಾಲೇಜಿನಲ್ಲಿ ಅದು ಹೋಲ್ಡಿಂಗ್, 10 ಗಜ ದಂಡ. ಆದರೆ ಕೈ ಕಲಿಸಬಹುದಾದ ವಿದ್ಯೆ, ಅದಕ್ಕೆ ನಾನಾದರೆ ಕಡಿಮೆ ಮಾರ್ಕು ಕಳೀತೀನಿ. ಓಡಿಹೋಗಿ ಹಿಂದಿನ ಸಾಲಿನ ಲೈನ್‌ಬ್ಯಾಕರ್‌ನನ್ನು ಬಯಲಿನಲ್ಲಿ ಹಿಡಿಯುತ್ತಾನಾ ಅನ್ನೋದಕ್ಕೆ ಜಾಸ್ತಿ ತೂಕ ಕೊಡ್ತೀನಿ, ಚಲಿಸುವ ಗುರಿಯ ಮುಂದೆ ಬರೀ ಗಾತ್ರ ನಡೆಯೋದಿಲ್ಲ. ಎಲ್ಲಕ್ಕಿಂತ ಮುಖ್ಯ, ಸೋತ ಪ್ಲೇಗಳು. ಹೈಲೈಟ್‌ನಲ್ಲಿ ಅವು ಇರೋದೇ ಇಲ್ಲ. ಪೂರ್ತಿ ಮ್ಯಾಚು ತರಿಸಿಕೊಂಡು ನಾಲ್ಕನೇ ಕ್ವಾರ್ಟರ್‌ನಲ್ಲಿ ಸುಸ್ತಾದಾಗ ಮಂಡಿ ಬಗ್ಗುತ್ತಾ, ಒಬ್ಬ ಪಕ್ಕದಿಂದ ನುಸುಳಿದರೆ ಇವನು ನಿಂತು ನೋಡ್ತಾನಾ, ತಿರುಗಿ ಅಟ್ಟಿಸಿಕೊಂಡು ಹೋಗ್ತಾನಾ, ಇದನ್ನು ನೋಡಬೇಕು.

ಇಷ್ಟೆಲ್ಲ ಮಾಡಿದರೂ ಒಂದು ದೊಡ್ಡ ತೊಡಕು ಉಳಿಯುತ್ತೆ. ನಾನು ಎಂಟೆಕ್‌ನಲ್ಲಿ ಮಷಿನ್ ಲರ್ನಿಂಗ್ ಓದಿದವನು, ಇದು ನೋಡಿದ ಕೂಡಲೇ ಗುರುತು ಸಿಕ್ತು: ಟ್ರೇನಿಂಗ್ ಡೇಟಾ ಒಂದು ಥರ, ಪರೀಕ್ಷೆ ಇನ್ನೊಂದು ಥರ. ಕೆಲವು ಸ್ಕೂಲುಗಳು ಪಾಸ್ ಮಾಡೋದೇ ಅಪರೂಪ, ಬರೀ ಓಡ್ತಾರೆ. ಅಲ್ಲಿನ ಟ್ಯಾಕಲ್ ಯಾವಾಗಲೂ ಮುಂದಕ್ಕೆ ನುಗ್ಗುತ್ತಾನೆ. ಕಾಲೇಜಿನಲ್ಲಿ ಪಾಸ್ ಕಾಯುವಾಗ ಅವನು ಹಿಂದಕ್ಕೆ ಓರೆಯಾಗಿ ಜಾರುತ್ತಾ ತಡೆಯಬೇಕು. ಅದನ್ನು ಅವನು ಮಾಡಿಯೇ ಇಲ್ಲ, ಫಿಲ್ಮ್‌ನಲ್ಲಿ ಹುಡುಕಿದರೆ ಎಲ್ಲಿಂದ ಬರಬೇಕು? ಕ್ಯಾಂಪ್‌ಗಳಲ್ಲಿ ಒಬ್ಬರಿಗೊಬ್ಬರು ನಿಲ್ಲಿಸಿ ಪರೀಕ್ಷೆ ಮಾಡ್ತಾರೆ ನಿಜ, ಆದರೆ ಅಲ್ಲಿ ಪಕ್ಕದಲ್ಲಿ ಗಾರ್ಡ್‌ನ ಸಹಾಯ ಇಲ್ಲ, ನುಗ್ಗುವವನಿಗೆ ಬೇಕಾದಷ್ಟು ಜಾಗ. ಅಲ್ಲಿ ಸೋತ ಅಂತ ಹುಡುಗನನ್ನು ಬಿಟ್ಟುಬಿಡುವುದು ಅನ್ಯಾಯ.

ಅದಕ್ಕೇ ತಪ್ಪುಗಳು ಆಗ್ತವೆ. 247ಸ್ಪೋರ್ಟ್ಸ್, ರೈವಲ್ಸ್, ಇಎಸ್‌ಪಿಎನ್‌ನವರು ಹುಡುಗರಿಗೆ ಐದರವರೆಗೆ ಸ್ಟಾರ್ ಕೊಡ್ತಾರೆ. ಜೇಸನ್ ಕೆಲ್ಸಿ ಸಿನ್ಸಿನಾಟಿ ಯೂನಿವರ್ಸಿಟಿಗೆ ಸ್ಕಾಲರ್‌ಶಿಪ್ಪೇ ಇಲ್ಲದೆ ಲೈನ್‌ಬ್ಯಾಕರ್ ಆಗಿ ಬಂದವರು. ಅಲ್ಲಿ ಲೈನ್‌ಗೆ ಬದಲಾದರು, 2011ರ ಡ್ರಾಫ್ಟಿನಲ್ಲಿ 191ನೆಯವರಾಗಿ ಫಿಲಡೆಲ್ಫಿಯಾ ಈಗಲ್ಸ್ ಸೇರಿದರು, ಆರು ಸಲ ಆ ವರ್ಷದ ಅತ್ಯುತ್ತಮ ಸೆಂಟರ್ ಅನ್ನಿಸಿಕೊಂಡು 2024ರಲ್ಲಿ ನಿವೃತ್ತರಾದರು. ಅದೇ ಟೀಮಿನ ಲೇನ್ ಜಾನ್ಸನ್ ಹೈಸ್ಕೂಲಿನಲ್ಲಿ ಕ್ವಾರ್ಟರ್‌ಬ್ಯಾಕ್! ಒಕ್ಲಹೋಮಾದಲ್ಲಿ ಟ್ಯಾಕಲ್ ಆಗಿ, 2013ರಲ್ಲಿ ನಾಲ್ಕನೇ ಆಯ್ಕೆ. ಆ ವರ್ಷದ ಮೊದಲ ಆಯ್ಕೆ ಎರಿಕ್ ಫಿಶರ್, ಸೆಂಟ್ರಲ್ ಮಿಷಿಗನ್ ಅನ್ನೋ ಸಣ್ಣ ಹೆಸರಿನ ಕಾಲೇಜಿನವರು. ಇನ್ನು ಜೋರ್ಡನ್ ಮೈಲಾಟ, 6 ಅಡಿ 8 ಇಂಚಿನ ಆಸ್ಟ್ರೇಲಿಯಾದ ರಗ್ಬಿ ಆಟಗಾರ, 2018ರಲ್ಲಿ ಆಯ್ಕೆಯಾದಾಗ ಒಂದು ಫುಟ್‌ಬಾಲ್ ಮ್ಯಾಚನ್ನೂ ಆಡಿರಲಿಲ್ಲ.

ಇಂಥ ಕಥೆ ಕೇಳಿ ಸ್ಟಾರ್ ಎಲ್ಲ ಬೋಗಸ್ ಅನ್ನಬೇಡಿ. ಒಟ್ಟಾರೆ ಲೆಕ್ಕ ಹಾಕಿದರೆ ಐದು ಸ್ಟಾರ್‌ನವರೇ ಮುಂದೆ ಹೋಗೋದು ಹೆಚ್ಚು. ನಮಗೆ ನೆನಪಿರೋದು ಅಪವಾದಗಳು ಅಷ್ಟೇ. ಪ್ರತಿ ಅಪವಾದದ ಹಿಂದೆ ಹೆಸರೇ ಕೇಳದ ಸಾವಿರಾರು ಹುಡುಗರಿದ್ದಾರೆ. ಅಮೆರಿಕದಲ್ಲಿ ಹೈಸ್ಕೂಲ್ ಫುಟ್‌ಬಾಲ್ ಆಡುವವರು ಸುಮಾರು 10 ಲಕ್ಷ, ಮೇಲಿನ ಹಂತದ ಕಾಲೇಜು ಟೀಮುಗಳು 2025ರಲ್ಲಿ 136 ಇದ್ದವು. ಒಂದು ಟೀಮು ವರ್ಷಕ್ಕೆ ನಾಲ್ಕೈದು ಲೈನ್‌ಮನ್ ತಗೊಂಡರೆ ಹೆಚ್ಚು.

ಅದರ ಮೇಲೆ ಕಾಲ ಬೇರೆ ಬದಲಾಗಿದೆ. ಮೊದಲೆಲ್ಲ ಹಸಿ ಹುಡುಗನನ್ನು ಸೇರಿಸಿಕೊಂಡು ಎರಡು ಮೂರು ವರ್ಷ ತಿನ್ನಿಸಿ, ಕಲಿಸಿ ಆಮೇಲೆ ಆಡಿಸೋರು. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು, 2021ರಿಂದ ಆಟಗಾರರು ತಮ್ಮ ಹೆಸರಿನಲ್ಲಿ ದುಡ್ಡು ಮಾಡಬಹುದು. ಈಗ ಕೋಚ್‌ಗೆ ಬೇರೆ ಕಾಲೇಜಿನ ಬೆಳೆದುನಿಂತ 21 ವರ್ಷದವನೇ ಸಿಗುವಾಗ 17ರವನಿಗಾಗಿ ಯಾಕೆ ಕಾಯಬೇಕು? ನಾವು ಕ್ಯಾಂಪಸ್ ಹೈರಿಂಗ್ ಬಿಟ್ಟು ಮೂರು ವರ್ಷ ಅನುಭವ ಕೇಳೋದು ಇದೇ ಬುದ್ಧಿಯಿಂದಲೇ. ನಾನೂ ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ಕೂತು ಅದನ್ನೇ ಮಾಡಿದ್ದೇನೆ, ಒಪ್ಪಿಕೊಳ್ತೀನಿ.

ಈಗ ಅಕ್ಕನ ಪ್ರಶ್ನೆಗೆ ಬರ್ತೀನಿ. ಹುಡುಗನಿಗೆ ತೋಳು ಅಳೆದು ಕಳಿಸು ಅಂದೆ: 32 ಇಂಚೂವರೆ. ಎರಡು ಪೂರ್ತಿ ಮ್ಯಾಚು ತರಿಸಿ ನೋಡಿದೆ. ಪಾದ ಚೆನ್ನಾಗಿದೆ, ಮೊದಲ ಹೆಜ್ಜೆ ಚುರುಕು. ಮೂರನೇ ಕ್ವಾರ್ಟರ್ ಹೊತ್ತಿಗೆ ಮಂಡಿ ಬಿಟ್ಟು ಸೊಂಟ ಬಾಗುತ್ತೆ. ಅಂದರೆ ಈಗಿರುವ ತೂಕವನ್ನೇ ಅವನ ದಮ್ಮು ಪೂರ್ತಿ ಹೊರ್ತಿಲ್ಲ. ಇನ್ನು 15 ಕೆಜಿ ಹಾಕಿದರೆ ಏನಾಗುತ್ತೆ? ಈ ಜಾಗದಲ್ಲಿ ದೇಹವೇ ಬಂಡವಾಳ, ದೇಹಕ್ಕೇ ಅಪಾಯ. 2018ರಲ್ಲಿ ಮೇರಿಲ್ಯಾಂಡ್ ಯೂನಿವರ್ಸಿಟಿಯ ಲೈನ್‌ಮನ್ ಜೋರ್ಡನ್ ಮೆಕ್‌ನೇರ್, 19 ವರ್ಷ, ತಾಲೀಮಿನ ವೇಳೆ ಶಾಖಾಘಾತವಾಗಿ ಎರಡು ವಾರದಲ್ಲಿ ತೀರಿಕೊಂಡರು. ಯೂನಿವರ್ಸಿಟಿ ಹೊಣೆ ಒಪ್ಪಿಕೊಂಡಿತು. ಭಾರಿ ಮೈಯ ಹುಡುಗರಿಗೆ ಬಿಸಿಲು ಬೇರೆ ಥರ ಬಡಿಯುತ್ತೆ, ಅದರಲ್ಲೂ ಟೆಕ್ಸಾಸ್‌ನ ಆಗಸ್ಟ್. ಜೋ ಥಾಮಸ್ ಅಂಥವರೇ ಆಟ ಬಿಟ್ಟ ಮೇಲೆ 20 ಕೆಜಿಗೂ ಹೆಚ್ಚು ಇಳಿಸಿದರು.

ಅಕ್ಕನಿಗೆ ಹೇಳಿದ್ದು ಇಷ್ಟು. ಡಾಕ್ಟರ ಮಾತು ಕೇಳು, ಈಗ ತೂಕ ಏರಿಸೋದು ಬೇಡ. ಟ್ಯಾಕಲ್ ಆಗಿ ದೊಡ್ಡ ಕಾಲೇಜು ಇವನನ್ನು ಕೇಳೋದಿಲ್ಲ, ತೋಳು ಸಾಲದು. ಆದರೆ ಸ್ಕೂಲಿನಲ್ಲಿ ಇರೋದರಲ್ಲೇ ಚುರುಕಾದವನನ್ನು ಲೆಫ್ಟ್ ಟ್ಯಾಕಲ್‌ಗೆ ಹಾಕೋದು ವಾಡಿಕೆ, ಅವನ ನಿಜವಾದ ಜಾಗ ಅದೇ ಅಂತೇನಿಲ್ಲ. ಇವನ ಮೈಗೆ, ತಲೆಗೆ ಸೆಂಟರ್ ಸರಿ. ಎದುರಿನವರ ನಿಲುವು ನೋಡಿ ಯಾರು ಯಾರನ್ನು ಹಿಡಿಯಬೇಕು ಅಂತ ಕೂಗಿ ಹೇಳುವವನು ಸೆಂಟರ್. ಕೆಲ್ಸಿ ಕೂಡ 6 ಅಡಿ 3 ಇಂಚಿನವರೇ, ಚಿಕ್ಕವರು ಅಂತಲೇ ಹೇಳಿಸಿಕೊಂಡವರು. ಎರಡನೇ ಹಂತದ ಎಫ್‌ಸಿಎಸ್ ಕಾಲೇಜುಗಳಿಗೆ ಫಿಲ್ಮ್ ಕಳಿಸಲಿ. ಐವಿ ಲೀಗ್ ಕೂಡ ಅದೇ ಹಂತದಲ್ಲಿದೆ, ಆದರೆ ಅಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಕೊಡೋದಿಲ್ಲ, ಮನೆಯ ಆದಾಯ ನೋಡಿ ಸಹಾಯ ಕೊಡ್ತಾರೆ. ಡಿವಿಷನ್ ಮೂರರಲ್ಲೂ ಆಟಕ್ಕೆ ಅಂತ ದುಡ್ಡಿಲ್ಲ.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ಓದು ಅಂತ ಹೇಳ್ಬೇಕು ಅಂತಾಯ್ತು" ಅಂದಳು. ಹುಡುಗ ಮಾತ್ರ ಅವತ್ತು ರಾತ್ರಿಯೇ ಮೆಸೇಜ್ ಮಾಡಿದ್ದ, "ಮಾಮ, ಸ್ನ್ಯಾಪ್ ಕಲಿಯೋಕೆ ಎಷ್ಟು ದಿನ ಬೇಕು?" ಈಗ ದಿನಾ ಸಂಜೆ ಹಿತ್ತಲಲ್ಲಿ ಕಾಲುಗಳ ಮಧ್ಯದಿಂದ ಹಿಂದಕ್ಕೆ ಚೆಂಡು ಹಾರಿಸ್ತಾನಂತೆ, ಹಿಂದೆ ಕ್ವಾರ್ಟರ್‌ಬ್ಯಾಕ್ ಆಗಿ ನಮ್ಮ ಭಾವ. ಮೊದಲ ದಿನದ ವಿಡಿಯೋ ಕಳಿಸಿದ್ದಾರೆ. ಹತ್ತರಲ್ಲಿ ಏಳು ಭಾವನ ತಲೆ ಮೇಲೆ ಹೋಗಿವೆ.