ಹುಲ್ಲುಗಾವಲಿನ ಏರುತಗ್ಗುಗಳನ್ನು ಅಳೆಯುವುದೆಂತು?

ಅಮೆರಿಕ ಸಂಯುಕ್ತ ಸಂಸ್ಥಾನದ ನೆಬ್ರಾಸ್ಕ ರಾಜ್ಯದಲ್ಲಿ ಸ್ಯಾಂಡ್‌ಹಿಲ್ಸ್ ಎಂಬ ಸೀಮೆಯಿದೆ. ಸುಮಾರು 50,000 ಚದರ ಕಿಲೋಮೀಟರು ಹರಡಿದ ಮರಳುದಿಬ್ಬಗಳು, ಅವುಗಳ ಮೇಲೆ ಹುಲ್ಲು, ಹುಲ್ಲಿನಲ್ಲಿ ದನಗಳು. ಪಶುಪಾಲಕರ ಮನೆಗಳು ಒಂದಕ್ಕೊಂದು ಬಹುದೂರ. ಕೆಲವು ದಿಬ್ಬಗಳು 100 ಮೀಟರಿಗೂ ಎತ್ತರ. ಆದರೂ ಒಂದರಂತೆ ಮತ್ತೊಂದು ಕಾಣುವುದರಿಂದ ಹೊಸಬನಿಗೆ ದಿಕ್ಕು ತಪ್ಪುವುದು ಸುಲಭ. ಇಂತಹ ನೆಲದ ರೂಪವನ್ನು ಕಾಗದದ ಮೇಲೆ ಮೂಡಿಸುವುದೆಂತು?

ಹಿಂದೆ ಮೋಜಣಿದಾರನು ಮುಕ್ಕಾಲಿಯ ಮೇಲೆ ಹಲಗೆಯನ್ನಿಟ್ಟು, ದೂರದರ್ಶಕದಿಂದ ನೋಡುತ್ತ, ನಿಂತಲ್ಲಿಯೇ ನಕ್ಷೆ ಬರೆಯುತ್ತಿದ್ದನು. ಇಪ್ಪತ್ತನೆಯ ಶತಮಾನದ ಮಧ್ಯಭಾಗದ ವೇಳೆಗೆ ಆ ದೇಶದ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಈ ಕೆಲಸಕ್ಕೆ ಬಹುಮಟ್ಟಿಗೆ ವಿಮಾನದ ಛಾಯಾಚಿತ್ರಗಳನ್ನು ಅವಲಂಬಿಸಿತು.

ಮೂಗಿನ ಮುಂದೆ ಬೆರಳು ಹಿಡಿದು, ಒಂದೊಂದೇ ಕಣ್ಣನ್ನು ಮುಚ್ಚಿ ನೋಡಿರಿ. ಬೆರಳು ಗೋಡೆಯೆದುರು ಅತ್ತಿತ್ತ ಸರಿಯುವುದು. ಹತ್ತಿರ ತಂದಷ್ಟೂ ಹೆಚ್ಚು ಸರಿಯುವುದು. ವಿಮಾನವು ಶೇಕಡ 60ರಷ್ಟು ಒಂದರ ಮೇಲೊಂದು ಬರುವಂತೆ ಚಿತ್ರಗಳನ್ನು ತೆಗೆದಾಗಲೂ ಹೀಗೆಯೇ: ಕ್ಯಾಮರಾಕ್ಕೆ ಸಮೀಪವಾದ ದಿಬ್ಬದ ನೆತ್ತಿಯು ಕುಳಿಗಿಂತ ಹೆಚ್ಚು ಸರಿದಿರುತ್ತದೆ. ಆ ಅಂತರವೇ ಎತ್ತರದ ಅಳತೆ.

ಒಂದೇ ಎತ್ತರದ ಸ್ಥಳಗಳನ್ನು ಕೂಡಿಸುವ ಸಮೋನ್ನತ ರೇಖೆಗಳನ್ನು 20 ಅಡಿಗೊಂದರಂತೆ ಎಳೆಯುವೆವೆನ್ನೋಣ. 1947ರ ನಿಯಮದಂತೆ, ಪರೀಕ್ಷಿಸಿದ ಹತ್ತು ಸ್ಥಳಗಳಲ್ಲಿ ಒಂಬತ್ತರಲ್ಲಾದರೂ ತಪ್ಪು ಅದರ ಅರ್ಧವನ್ನು, ಎಂದರೆ ಸುಮಾರು 3 ಮೀಟರನ್ನು ಮೀರಬಾರದು. ವಿಮಾನವು 3,000 ಮೀಟರು ಎತ್ತರದಲ್ಲಿದ್ದು, ಎರಡು ಚಿತ್ರಗಳ ನಡುವಣ ಅದರ ಪಯಣವು ಚಿತ್ರದ ಅಳತೆಯಲ್ಲಿ 90 ಮಿಲಿಮೀಟರಾದರೆ, 3 ಮೀಟರಿಗೆ ದೊರೆಯುವ ಸರಿತದ ವ್ಯತ್ಯಾಸ ಬರಿಯ 0.09 ಮಿಲಿಮೀಟರು. ತಲೆಗೂದಲಿನಷ್ಟು ದಪ್ಪ! ಕೆಲ್ಷ್ ಎಂಬ ಯಂತ್ರದಲ್ಲಿ ಒಂದು ಚಿತ್ರವನ್ನು ಕೆಂಪು, ಇನ್ನೊಂದನ್ನು ನೀಲಿ ಬೆಳಕಿನಲ್ಲಿ ಬೀಳಿಸಿ, ಅದೇ ಬಣ್ಣಗಳ ಕನ್ನಡಕದಿಂದ ನೋಡಿದರೆ ದಿಬ್ಬಗಳು ಮೇಜಿನ ಮೇಲೆ ಎದ್ದು ನಿಲ್ಲುತ್ತಿದ್ದವು. ಬೆಳಕಿನ ಚುಕ್ಕೆಯೊಂದು ಆ ನೆಲಕ್ಕೆ ತಾಗಿಕೊಂಡೇ ಇರುವಂತೆ ನಡೆಸಿ ರೇಖೆಯನ್ನು ಎಳೆಯುತ್ತಿದ್ದರು. ಒಂದೇ ಬಣ್ಣದ ಹುಲ್ಲಿನ ಇಳಿಜಾರಿನಲ್ಲಿ ಕಣ್ಣಿಗೆ ಆಧಾರವೇ ಸಿಗದು. ಗಾಳಿ ಕೊರೆದ ಬೋಳು ಮರಳಿನ ಗುಂಡಿಗಳು ಅಲ್ಲಿ ನೆರವಿಗೆ ಬರುತ್ತವೆ.

ಆದರೆ ಕುಳಿಯಲ್ಲಿ ಹೊಳೆಯುವ ನೀರು ಬೇಸಗೆಯಲ್ಲಿಯೂ ಉಳಿಯುವುದೇ? ಚಿತ್ರವು ಹೇಳದು. ಋತುಮಾನದ ಕೆರೆಗೆ ಕಡಿದ ನೀಲಿಗೆರೆಯ ಬದಲು ಪೂರ್ಣ ಗೆರೆ ಎಳೆದರೆ, ಅದನ್ನು ನಂಬಿ ದನ ಹೊಡೆದುಕೊಂಡು ಬಂದವನಿಗೆ ಸಿಕ್ಕುವುದು ಒಣಗಿದ ಕೆಸರು. ಆದ್ದರಿಂದ ಕ್ಷೇತ್ರ ಪರೀಕ್ಷಕರು ಅಲ್ಲಿಗೆ ಹೋಗಿ ವಿಚಾರಿಸುತ್ತಿದ್ದರು. ದನಗಳಿಗೆ ನೀರೆತ್ತುವ ಗಾಳಿಗಿರಣಿಗಳನ್ನೂ ಹೆಸರು ಬರೆದು ಗುರುತಿಸುತ್ತಿದ್ದರು.

ಈ ಮಾಲೆಯ ಐವತ್ತು ಸಾವಿರಕ್ಕೂ ಮಿಕ್ಕ ಹಾಳೆಗಳು ಸುಮಾರು 1992ರ ವೇಳೆಗೆ ಮುಗಿದವು. 2009ರಿಂದ ಹೊರಬರುತ್ತಿರುವ ಹೊಸ ಮಾಲೆಯನ್ನು ಸ್ಥಳಪರೀಕ್ಷೆಯಿಲ್ಲದೆ ಗಣಕದ ದತ್ತಾಂಶದಿಂದಲೇ ಸಿದ್ಧಪಡಿಸುತ್ತಾರೆ. ಎತ್ತರವನ್ನು ಅಳೆಯಲು ಈಗ ಲೇಸರ್ ಇದೆ, ನಿಜ. ಗಾಳಿಗಿರಣಿಯನ್ನು ಹುಡುಕುವವನು ಮಾತ್ರ ಹಳೆಯ ಹಾಳೆಯನ್ನೂ ಜೊತೆಗೆ ಒಯ್ಯುವುದು ಲೇಸು.