ಅಲಸಂದೆ ಬೇರಿನ ಗಂಟು ಸೀಳಿ ನೋಡಿದ್ದೀರಾ?

ಸೋದರಿಯರೇ, ಅಲಸಂದೆಯನ್ನೋ ಕುದುರೆ ಮಸಾಲೆಯನ್ನೋ ದಿನವೂ ಕೊಯ್ದು ಹಸುವಿನ ಮುಂದೆ ಹಾಕುತ್ತೀರಿ. ಗಿಡದ ಬುಡ ಅಗೆದು ಬೇರು ನೋಡಿದವರು ಮಾತ್ರ ನಮ್ಮಲ್ಲಿ ಕಡಿಮೆ. ಮುಂದಿನ ಸಲ ಮೇವಿಗೆ ಹೋದಾಗ 35–40 ದಿನದ ಒಂದು ಅಲಸಂದೆ ಗಿಡವನ್ನು ಗುದ್ದಲಿಯಿಂದ ಮಣ್ಣಿನ ಹೆಂಟೆ ಸಮೇತ ಎತ್ತಿ. ಕೈಯಿಂದ ಕಿತ್ತರೆ ನೋಡಬೇಕಾದ್ದೆಲ್ಲ ಮಣ್ಣಲ್ಲೇ ಉಳಿದುಬಿಡುತ್ತದೆ. ಬಕೆಟ್ ನೀರಲ್ಲಿ ಮೆಲ್ಲಗೆ ಅದ್ದಿ ಮಣ್ಣು ಬಿಡಿಸಿ. ಬೇರಿನ ಪಕ್ಕದಲ್ಲಿ ಸಣ್ಣ ಸಣ್ಣ ಉಂಡೆಗಳಂಥ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿ. ಒಳಗೆ ರಕ್ತದಂಥ ನಸುಗೆಂಪು ಬಣ್ಣ ಇದ್ದರೆ ಆ ಗಿಡ ತನಗೆ ಬೇಕಾದ ಗೊಬ್ಬರವನ್ನು ತಾನೇ ಮಾಡಿಕೊಳ್ಳುತ್ತಿದೆ ಎಂದು ಅರ್ಥ.

ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವೇ ಇದೆ. ಆದರೆ ಅದನ್ನು ಹಾಗೇ ಬಳಸಲು ನಮಗೂ ಆಗದು, ಹಸುವಿಗೂ ಆಗದು, ಗಿಡಕ್ಕೂ ಆಗದು. ಕಾರ್ಖಾನೆಯಲ್ಲಿ ಅದನ್ನು ಹಿಡಿಯಲು 400 ಡಿಗ್ರಿಗೂ ಮೀರಿದ ಶಾಖ, ಭಾರೀ ಒತ್ತಡ ಬೇಕು. ಹಾಗೆ ತಯಾರಾದ 45 ಕೆಜಿಯ ಯೂರಿಯಾ ಚೀಲದಲ್ಲಿ ನಿಜವಾದ ಸಾರಜನಕ ಇರುವುದು ಸುಮಾರು 20 ಕೆಜಿ. ಅದೇ ಕೆಲಸವನ್ನು ರೈಜೋಬಿಯಂ ಜಾತಿಯ ಬ್ಯಾಕ್ಟೀರಿಯಾ ಬೇರಿನ ಗಂಟಿನೊಳಗೆ ಕೂತು ಮಣ್ಣಿನ ತಂಪಿನಲ್ಲೇ ಮಾಡುತ್ತದೆ. ಕುದುರೆ ಮಸಾಲೆಯ ಒಣ ತೂಕದಲ್ಲಿ ಐದನೇ ಒಂದು ಪಾಲಿನಷ್ಟು ಪ್ರೋಟೀನ್ ಇರುವುದು ಈ ಕಾರಣಕ್ಕೇ. ನೀವು ಹಿಂಡಿಯ ಅಂಗಡಿಗೆ ಕೊಡುವ ದುಡ್ಡಿಗೂ ಈ ಗಂಟಿಗೂ ನೇರ ಸಂಬಂಧ ಇದೆ.

ಗಂಟಿನಲ್ಲಿ ಸಾರಜನಕ ತಯಾರಾಗುತ್ತದೆ ಎಂಬುದು 1888ರಷ್ಟು ಹಿಂದೆಯೇ ಯುರೋಪಿನ ವಿಜ್ಞಾನಿಗಳಿಗೆ ತಿಳಿದಿತ್ತು. ಗಂಟು ಹೇಗೆ ಹುಟ್ಟುತ್ತದೆ, ಗಿಡದ ಒಳಗೆ ಯಾರು ಯಾರಿಗೆ ಅಪ್ಪಣೆ ಕೊಡುತ್ತಾರೆ ಎಂಬುದು ಬಿಡಿಬಿಡಿಯಾಗಿ ತಿಳಿದದ್ದು ಇತ್ತೀಚಿನ ಮೂರು ನಾಲ್ಕು ದಶಕಗಳಲ್ಲಿ.

ಅದನ್ನು ಹಾಲಿನ ಉದಾಹರಣೆಯಿಂದಲೇ ನೋಡೋಣ. ಹಾಲಿನ ಪ್ರೋಟೀನ್ ಮಾಡುವ ವಂಶವಾಹಿ, ಅಂದರೆ ಜೀನ್, ಹಸುವಿನ ಮೈಯ ಎಲ್ಲ ಕಡೆಯೂ ಇದೆ. ಕಿವಿಯಲ್ಲಿದೆ, ಬಾಲದಲ್ಲಿದೆ, ಹೋರಿಯ ಮೈಯಲ್ಲೂ ಇದೆ. ಆದರೆ ಅದು ತೆರೆದುಕೊಂಡು ಕೆಲಸ ಮಾಡುವುದು ಕೆಚ್ಚಲಿನಲ್ಲಿ ಮಾತ್ರ, ಅದೂ ಗಬ್ಬ ನಿಂತು ಕರು ಹಾಕುವ ಕಾಲಕ್ಕೆ. ಅಲಸಂದೆಯ ಕಥೆಯೂ ಹೀಗೇ. ಗಂಟು ಕಟ್ಟುವ ಜೀನ್‌ಗಳು ಎಲೆಯಲ್ಲೂ ಕಾಂಡದಲ್ಲೂ ಇವೆ. ಅವಕ್ಕೆ ಸಮಯ, ಜಾಗ, ಕರೆ ಮೂರೂ ಕೂಡಿ ಬರಬೇಕು.

ಕರೆ ಮೊದಲು ಹೋಗುವುದು ಬೇರಿನಿಂದ. ಸಾರಜನಕ ಸಾಲದೆ ಹೋದಾಗ ಬೇರು ಮಣ್ಣಿಗೆ ಒಂದು ರಸ ಬಿಡುತ್ತದೆ. ಕುದುರೆ ಮಸಾಲೆಯ ರಸದಲ್ಲಿ ಲ್ಯೂಟಿಯೋಲಿನ್ ಎಂಬ ವಸ್ತು ಇರುತ್ತದೆ. ಮಣ್ಣಲ್ಲಿರುವ ಅದರ ಬ್ಯಾಕ್ಟೀರಿಯಾ ಈ ವಾಸನೆ ಹಿಡಿದ ಕೂಡಲೇ ತನ್ನ ಒಳಗಿನ ಕೆಲವು ಜೀನ್‌ಗಳನ್ನು ತೆರೆದು ಮರು ಓಲೆ ಕಳಿಸುತ್ತದೆ. ಆ ಓಲೆ ಗಿಡದ ಬೀಗಕ್ಕೆ ಸರಿಯಾಗಿ ಕೂರುವ ಕೀಲಿಯಂತಿರಬೇಕು. ಸೋಯಾ ಅವರೆಯ ಬ್ಯಾಕ್ಟೀರಿಯಾದ ಕೀಲಿ ಕುದುರೆ ಮಸಾಲೆಗೆ ಕೂರದು. ಹಾಗಾಗಿ ಅಂಗಡಿಯಲ್ಲಿ ‘ಒಂದು ರೈಜೋಬಿಯಂ ಪ್ಯಾಕೆಟ್ ಕೊಡಿ’ ಎಂದರೆ ಸಾಲದು, ಯಾವ ಬೆಳೆಗೆ ಎಂದು ಹೇಳಿ, ಪ್ಯಾಕೆಟ್ ಮೇಲೆ ಓದಿ ತನ್ನಿ.

ಕೀಲಿ ಕೂತಿತೆಂದರೆ ಬೇರಿನ ಕೂದಲು ಕೊಕ್ಕೆಯಂತೆ ಸುರುಳಿ ಸುತ್ತಿ ಬ್ಯಾಕ್ಟೀರಿಯಾವನ್ನು ಒಳಗೆ ಹಿಡಿಯುತ್ತದೆ. ಆಗ ಗಿಡದಲ್ಲಿ ನಿನ್ ಎಂಬ ಜೀನ್ ತೆರೆಯುತ್ತದೆ. 1999ರಲ್ಲಿ ಗುರುತಿಸಿದ ಈ ಜೀನ್ ಮನೆ ಯಜಮಾನಿ ಇದ್ದಂತೆ. ಅದು ಕೆಟ್ಟ ಗಿಡಗಳಲ್ಲಿ ಬ್ಯಾಕ್ಟೀರಿಯಾ ಎಷ್ಟಿದ್ದರೂ ಗಂಟು ಕಟ್ಟುವುದಿಲ್ಲ. ನಿನ್ ಎದ್ದ ಮೇಲೆ ನೂರಾರು ಜೀನ್‌ಗಳು ಸರದಿಯಲ್ಲಿ ಏಳುತ್ತವೆ: ಕೆಲವು ಗಂಟಿನ ಗೋಡೆ ಕಟ್ಟುವುದಕ್ಕೆ, ಕೆಲವು ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಬಡಿಸುವುದಕ್ಕೆ. ಕುದುರೆ ಮಸಾಲೆಯ ಗಂಟಿನಲ್ಲಂತೂ ಗಿಡ ಬ್ಯಾಕ್ಟೀರಿಯಾವನ್ನು ಎಷ್ಟು ಪಳಗಿಸುತ್ತದೆ ಎಂದರೆ, ಕೆಲಸಕ್ಕೆ ಕೂತವು ಊದಿಕೊಂಡು ಮತ್ತೆ ಮರಿ ಮಾಡದಂತಾಗುತ್ತವೆ. ಸ್ನೇಹ ಎಂದು ಪುಸ್ತಕಗಳು ಬರೆಯುತ್ತವೆ, ನನಗೇನೋ ಇದು ಜೀತದ ಹಾಗೆ ಕಾಣುತ್ತದೆ.

ಇನ್ನು ಆ ಕೆಂಪು ಬಣ್ಣ. ಸಾರಜನಕ ಹಿಡಿಯುವ ಕಿಣ್ವಕ್ಕೆ ಆಮ್ಲಜನಕ ತಗುಲಿದರೆ ಅದು ಕೆಟ್ಟುಹೋಗುತ್ತದೆ. ಬ್ಯಾಕ್ಟೀರಿಯಾ ಉಸಿರಾಡಲು ಆಮ್ಲಜನಕವೇ ಬೇಕು. ಈ ಇಕ್ಕಟ್ಟಿಗೆ ಗಿಡ ಕಂಡುಕೊಂಡ ದಾರಿ ಲೆಗ್‌ಹಿಮೋಗ್ಲೋಬಿನ್. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ದಾಯಾದಿ, ಅದರಂತೆಯೇ ಕಬ್ಬಿಣಾಂಶದ್ದು. ಆಮ್ಲಜನಕವನ್ನು ಹಿಡಿದಿಟ್ಟುಕೊಂಡು ಚೂರು ಚೂರೇ ಒಳಗೆ ಬಿಡುತ್ತದೆ. ಗಂಟು ಬಲಿಯುವಾಗ ಈ ಜೀನ್ ಜೋರಾಗಿ ತೆರೆದಿರುತ್ತದೆ. ನೀವು ಉಗುರಿನಿಂದ ಸೀಳಿ ಕಂಡ ಕೆಂಪು ಅದರ ಫಲ. ಒಳಗೆ ಬಿಳಿ ಇದ್ದರೆ ಗಂಟು ಎಳೆಯದು ಅಥವಾ ಕೆಲಸಕ್ಕೆ ಬಾರದ್ದು, ಹಸಿರಾಗಿದ್ದರೆ ಮುದಿಯಾಯಿತು. ನೀರು ನಿಂತ ಹೊಲದಲ್ಲಿ ಉಸಿರು ಕಟ್ಟಿಯೂ ಗಂಟುಗಳು ಹಾಳಾಗುತ್ತವೆ.

ಈಗ ಯೂರಿಯಾ ವಿಷಯ. ಗಂಟು ಸಾಕುವುದು ಗಿಡಕ್ಕೆ ಪುಕ್ಕಟೆಯಲ್ಲ. ಎಲೆ ಮಾಡಿದ ಸಕ್ಕರೆಯಲ್ಲಿ ಒಳ್ಳೆಯ ಪಾಲು ಅಲ್ಲಿಗೇ ಹೋಗುತ್ತದೆ. ಆದ್ದರಿಂದ ಗಂಟು ಸಾಕಷ್ಟಾಯಿತೆಂದು ಬೇರು ಎಲೆಗೆ ಸುದ್ದಿ ಮುಟ್ಟಿಸುತ್ತದೆ, ಎಲೆಯಿಂದ ‘ಇನ್ನು ಬೇಡ’ ಎಂಬ ಮಾತು ಕೆಳಗಿಳಿಯುತ್ತದೆ. ಮಣ್ಣಲ್ಲೇ ಸಾರಜನಕ ಸಿಕ್ಕಿಬಿಟ್ಟರಂತೂ ಗಿಡ ನಿನ್ ಜೀನನ್ನು ಅದುಮಿಡುತ್ತದೆ, ಇದ್ದ ಗಂಟುಗಳೂ ಸೊರಗುತ್ತವೆ. ಅಂದರೆ ಅಲಸಂದೆಗೆ ಮೇಲುಗೊಬ್ಬರವಾಗಿ ಯೂರಿಯಾ ಎರಚಿದಾಗ ದುಡ್ಡು ಕೊಟ್ಟು ಪುಕ್ಕಟೆ ಗೊಬ್ಬರದ ಬಾಗಿಲು ಮುಚ್ಚಿದಂತೆ. ಕೊಟ್ಟಿಗೆ ತೊಳೆದ ನೀರು, ಗಂಜಲ, ಹಸಿ ಸ್ಲರಿ ಕೂಡ ಇದನ್ನೇ ಮಾಡುತ್ತವೆ. ಅವುಗಳ ಕಾಲುವೆಯನ್ನು ನೇಪಿಯರ್ ಕಡೆ ತಿರುಗಿಸಿ, ಅದು ಎಷ್ಟು ಕೊಟ್ಟರೂ ಕುಡಿಯುತ್ತದೆ. ಜೋಳದ ಜೊತೆ ಅಲಸಂದೆ ಹಾಕಿದ್ದರೆ ಗೊಬ್ಬರ ಜೋಳದ ಸಾಲಿಗೆ ಮಾತ್ರ. ಬಿತ್ತುವಾಗ ಸ್ವಲ್ಪ ಸಾರಜನಕ ಕೊಡುವುದು ತಪ್ಪಲ್ಲ, ಗಂಟು ಕೆಲಸಕ್ಕೆ ಬರಲು ಎರಡು ಮೂರು ವಾರ ಬೇಕಲ್ಲ.

ಬೀಜೋಪಚಾರ ಕಷ್ಟದ್ದೇನಲ್ಲ. ಬೆಲ್ಲದ ಪಾಕ ಕಾಯಿಸಿ ಪೂರ್ತಿ ಆರಿಸಿ, ಬೀಜಕ್ಕೆ ತೆಳ್ಳಗೆ ಹಚ್ಚಿ, ಪ್ಯಾಕೆಟ್ ಪುಡಿ ಬೆರೆಸಿ ನೆರಳಲ್ಲಿ ಒಣಗಿಸಿ ಅಂದೇ ಬಿತ್ತಿ. ಬಿಸಿ ಪಾಕ, ಬಿಸಿಲು ಎರಡೂ ಬ್ಯಾಕ್ಟೀರಿಯಾಕ್ಕೆ ಸಾವು.

ಕುದುರೆ ಮಸಾಲೆ ಇರುವವರಿಗೆ ಇನ್ನೊಂದು ಮಾತು. ಕೊಯ್ದ ಒಂದೆರಡು ದಿನದಲ್ಲೇ ಗಂಟಿನ ಕೆಲಸ ತೀರ ಇಳಿಯುತ್ತದೆ, ಏಕೆಂದರೆ ಸಕ್ಕರೆ ಕಳಿಸುವ ಎಲೆಯೇ ಇಲ್ಲ. ಹೊಸ ಚಿಗುರು ಬಂದ ಮೇಲೆ ಮತ್ತೆ ಏರುತ್ತದೆ. ನೆಲಕ್ಕೆ ಹತ್ತಿ ಕೊಯ್ಯಬೇಡಿ, ನಾಲ್ಕು ಬೆರಳು ಬುಡ ಬಿಡಿ. ಚಿಗುರು ಬಲಿಯುವ ಮೊದಲೇ ಮತ್ತೆ ಕುಡುಗೋಲು ಹಾಕಬೇಡಿ.

ಬೇರಿನ ಮೇಲಿನ ಗಂಟೆಲ್ಲ ಒಳ್ಳೆಯದಲ್ಲ ಎಂಬುದೂ ಗೊತ್ತಿರಲಿ. ರೈಜೋಬಿಯಂ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಬೆರಳಲ್ಲಿ ಉಜ್ಜಿದರೆ ಉದುರುತ್ತದೆ. ಬೇರೇ ಅಲ್ಲಲ್ಲಿ ಊದಿಕೊಂಡಿದ್ದು ಉಜ್ಜಿದರೂ ಬಿಡದಿದ್ದರೆ ಅದು ಜಂತು ಹುಳುವಿನ ಕಾಟ. ಅಂಥ ಗಿಡವನ್ನು ಬೇರು, ಹಿಡಿ ಮಣ್ಣು ಸಮೇತ ಚೀಲದಲ್ಲಿ ಕಟ್ಟಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ. ಆ ತುಂಡಿನಲ್ಲಿ ಒಂದು ಹಂಗಾಮು ಚೆಂಡು ಹೂ ಹಾಕಿದರೆ ಹುಳು ಕಡಿಮೆಯಾಗುತ್ತದೆ.