ಮನೆಯ ಗ್ರಂಥಭಂಡಾರ ಮತ್ತು ಇ-ಪುಸ್ತಕದ ಹಕ್ಕು

ಯಲಹಂಕದ ಮನೆಯೊಂದರಲ್ಲಿ ತಾಯಿ ಕೊಂಡ ಕಾದಂಬರಿಯು ಆರ್.ಟಿ. ನಗರದಲ್ಲಿ ಸಂಸಾರ ಹೂಡಿರುವ ಮಗಳ ಕೈಸೇರಲು ಯಾರ ಅಪ್ಪಣೆಯೂ ಬೇಕಿಲ್ಲ. ಅದೇ ಕಾದಂಬರಿಯನ್ನು ತಾಯಿ ಮೊಬೈಲಿನಲ್ಲಿ ಕೊಂಡರೆ ಮಗಳಿಗೆ ಕೊಡುವುದು ತೊಡಕಾಗುತ್ತದೆ. ಈ ತೊಡಕಿನ ಕಾರಣವನ್ನು ನಾವಿಲ್ಲಿ ಪರಿಶೀಲಿಸಹೊರಟಿದ್ದೇವೆ.

1957ರ ಕೃತಿಸ್ವಾಮ್ಯ ಅಧಿನಿಯಮದ 14ನೆಯ ಪ್ರಕರಣದಂತೆ, ಒಮ್ಮೆ ಮಾರಾಟವಾದ ಪ್ರತಿಯು ಚಲಾವಣೆಗೆ ಬಂದುದೆಂದೇ ಪರಿಗಣಿತವಾಗುತ್ತದೆ. ಆದಕಾರಣ ಮುದ್ರಿತ ಪುಸ್ತಕವನ್ನು ಎರವಲು ಕೊಡಬಹುದು, ಮಾರಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು. ಇ-ಪುಸ್ತಕವನ್ನು ಕೊಡುವುದೆಂದರೆ ಇನ್ನೊಂದು ಪ್ರತಿಯನ್ನು ಸೃಷ್ಟಿಸುವುದೇ ಸರಿ. ಕೊಟ್ಟವರಲ್ಲಿ ಮೂಲವು ಉಳಿದೇ ಇರುತ್ತದೆ. ಮೇಲಾಗಿ ಕಿಂಡಲ್ ಮುಂತಾದ ಮಳಿಗೆಗಳ ಕರಾರಿನಲ್ಲಿ ಓದುಗನಿಗೆ ದೊರೆಯುವುದು ಓದುವ ಪರವಾನಗಿ ಮಾತ್ರ. 2019ರ ಡಿಸೆಂಬರಿನಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯವು ಟಾಮ್ ಕ್ಯಾಬಿನೆಟ್ ಮೊಕದ್ದಮೆಯಲ್ಲಿ, ಓದಿಮುಗಿಸಿದ ಇ-ಪುಸ್ತಕಗಳ ಮರುಮಾರಾಟಕ್ಕೆ ಹಕ್ಕುದಾರರ ಅನುಮತಿ ಅವಶ್ಯವೆಂದು ತೀರ್ಪಿತ್ತಿತು. ಅದು ನಮ್ಮ ನ್ಯಾಯಾಲಯಗಳನ್ನು ಬಂಧಿಸದು. ಆದರೂ ವಾದಸರಣಿ ಗಮನಾರ್ಹವಾದುದು. ಪರವಾನಗಿಯೆಂಬುದು ಎಷ್ಟು ಸಡಿಲವಾದ ಸ್ವಾಮ್ಯವೆಂಬುದು 2009ರ ಜುಲೈನಲ್ಲಿಯೇ ಪ್ರಕಟವಾಗಿತ್ತು. ಹಕ್ಕಿಲ್ಲದವರು ಮಾರಿದ್ದ ಆರ್ವೆಲ್‌ನ '1984'ರ ಪ್ರತಿಗಳನ್ನು ಅಮೆಜಾನ್ ಸಂಸ್ಥೆಯು ದೂರದಿಂದಲೇ ಓದುಗರ ಉಪಕರಣಗಳಿಂದ ಅಳಿಸಿ, ಹಣವನ್ನು ಹಿಂದಿರುಗಿಸಿತು. ಪುಸ್ತಕದಂಗಡಿಯವನು ರಾತ್ರಿ ಮನೆಹೊಕ್ಕು ಕಪಾಟು ತೆರೆದಂತೆಯೇ ಇದು!

ಸಾಮಾನ್ಯವಾಗಿ ಕುಟುಂಬಗಳು ಒಂದೇ ಖಾತೆಯನ್ನು ಹಲವು ಉಪಕರಣಗಳಲ್ಲಿ ತೆರೆದು ನಿರ್ವಹಿಸುತ್ತವೆ. ಇದರಲ್ಲಿ ಒಬ್ಬರು ನಿಲ್ಲಿಸಿದ ಪುಟವು ಇನ್ನೊಬ್ಬರಿಗೆ ತೆರೆದುಕೊಳ್ಳುವ ಸಣ್ಣ ಕಿರುಕುಳವುಂಟು. ಖಾತೆದಾರರು ತೀರಿಕೊಂಡರೆ ಬರುವ ತೊಂದರೆ ದೊಡ್ಡದು: ವರ್ಗಾಯಿಸಲಾಗದ ಪರವಾನಗಿಯು ವಾರಸುದಾರರಿಗೆ ಸಲ್ಲದು. ಬೀಗವನ್ನು ಮುರಿಯೋಣವೆಂದರೆ, 2012ರಲ್ಲಿ ಸೇರಿಸಲಾದ 65ಎ ಪ್ರಕರಣವು ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಹಾಗೆ ಮಾಡುವವರಿಗೆ ಎರಡು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸುತ್ತದೆ. ಅಧಿನಿಯಮವು ನಿಷೇಧಿಸದ ಉದ್ದೇಶಗಳಿಗೆ ಅದರಲ್ಲಿಯೇ ವಿನಾಯಿತಿಯಿದೆ. 52ನೆಯ ಪ್ರಕರಣವು ಖಾಸಗಿ ಉಪಯೋಗವನ್ನು ಮನ್ನಿಸುವುದರಿಂದ, ಕೊಂಡವರು ತಮ್ಮದೇ ಮತ್ತೊಂದು ಉಪಕರಣಕ್ಕೆ ಪ್ರತಿಯನ್ನು ಮಾಡಿಕೊಳ್ಳುವುದು ಸಮರ್ಥನೀಯವೆಂದು ನಮ್ಮ ಅಭಿಪ್ರಾಯ; ಬಂಧುಬಳಗಕ್ಕೆಲ್ಲ ಹಂಚುವುದು ಹಾಗಲ್ಲ.

ಲೇಖಕರು ಗತಿಸಿದ ಮೇಲೆ 60 ವರ್ಷಗಳವರೆಗೆ ಕೃತಿಸ್ವಾಮ್ಯವು ಉಳಿಯುತ್ತದೆ. 1986ರಲ್ಲಿ ನಿಧನರಾದ ಮಾಸ್ತಿಯವರ ಕೃತಿಗಳಿಗೆ 2046ರ ಅಂತ್ಯದವರೆಗೂ ಈ ಕಟ್ಟುಂಟು. ಹಕ್ಕುದಾರರು ಮನಸ್ಸು ಮಾಡಿದರೆ ಅಷ್ಟು ಕಾಯಬೇಕಿಲ್ಲ. 2014ರಲ್ಲಿ ನಿರಂಜನರ ಕೃತಿಗಳನ್ನು ಅವರ ಪುತ್ರಿ ತೇಜಸ್ವಿನಿ ನಿರಂಜನ ಅವರು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿದರು. ಲೇಖಕರ ಹೆಸರನ್ನು ಉಳಿಸಿಕೊಂಡು ಅವನ್ನು ಮಗಳಿಗೂ ನೆರೆಯವರಿಗೂ ತರಗತಿಗೂ ನಿರಾತಂಕವಾಗಿ ಕಳುಹಿಸಬಹುದು.